ತಿರುಗಿಸಿ ಕೊಟ್ಟ ವೀಳ್ಯ

ದೊಡ್ಡವ್ವನ ಬಲಗೈ ಹೆಬ್ಬೆರಳಿನ ಉಗುರು ಉಳಿದ ಒಂಬತ್ತು ಉಗುರುಗಳ ಹಾಗಿರಲಿಲ್ಲ. ಆ ಒಂಬತ್ತೂ ಕಳೆ ಕಿತ್ತು, ಬೆರಣಿ ತಟ್ಟಿ, ಮಣ್ಣು ತುಂಬಿ ಸವೆದುಹೋಗಿದ್ದವು. ಈ ಒಂದನ್ನು ಮಾತ್ರ ಅವಳು ಉದ್ದ ಬಿಟ್ಟಿದ್ದಳು. ಸುಣ್ಣ ತಿಂದು ತಿಂದು ಅದರ ತುದಿ ಬೆಳ್ಳಗಾಗಿತ್ತು, ನಡುವೆ ಅಡಿಕೆಯ ಕೆಂಪು ಹಿಡಿದಿತ್ತು, ಸಣ್ಣ ಕುಡುಗೋಲಿನ ಹಾಗೆ ಒಳಕ್ಕೆ ಬಾಗಿತ್ತು. ವೀಳ್ಯದೆಲೆಯನ್ನು ತೊಡೆಯ ಮೇಲೆ ಮಗುಚಿಟ್ಟು, ತೊಟ್ಟು ಮುರಿದು, ಆ ಉಗುರನ್ನು ನಾರಿನ ಕೆಳಗೆ ತೂರಿಸಿ ಒಮ್ಮೆ ಎಳೆದರೆ ನಾರು ತುದಿಯವರೆಗೂ ದಾರದಂತೆ ಬಂದುಬಿಡುತ್ತಿತ್ತು. ಎಲೆ ಎಲ್ಲೂ ಹರಿಯುತ್ತಿರಲಿಲ್ಲ. ನಾನು ಎಳೆದರೆ ಎಲೆ ಎರಡು ತುಂಡು.

“ಬುಡ್ಲಾ, ನಿಂಗೆ ನಾಲ್ಗೆ ಒಂದೇ ಚೂಪು” ಎಂದು ಅವಳು ನನ್ನ ಕೈಯಿಂದ ಕಸಿದುಕೊಳ್ಳುತ್ತಿದ್ದಳು.

ಅವಳು ನನ್ನ ತಂದೆಯ ದೊಡ್ಡಪ್ಪನ ಸೊಸೆ. ಮದ್ದೂರಿಗೂ ಹನಕೆರೆಗೂ ನಡುವೆ, ರೈಲಿನ ಸದ್ದು ಕೇಳುವಷ್ಟು ದೂರದಲ್ಲಿರುವ ನಮ್ಮ ಹಳ್ಳಿಯಲ್ಲಿ ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಪ್ಲೇಗಿನಲ್ಲಿ ಗಂಡ ಹೋದಾಗ ಅವಳಿಗೆ ಇಪ್ಪತ್ತು ದಾಟಿತ್ತೋ ಇಲ್ಲವೋ. ಮಕ್ಕಳಿರಲಿಲ್ಲ. ತವರಿಗೆ ಹೋಗು ಎಂದವರನ್ನು “ನಾನ್ ಓದ್ರೆ ಒಲನೂ ನನ್ ಜೊತೆ ಬತ್ತದಾ?” ಎಂದು ಕೇಳಿ, ಮದ್ದೂರಿಗೆ ಅಲೆದೂ ಅಲೆದು ನಾಲ್ಕು ಎಕರೆಯ ಖಾತೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡಿದ್ದಳಂತೆ. ತವರು ಮಳವಳ್ಳಿ ಕಡೆ. ಶಿವನಸಮುದ್ರದಿಂದ ಬರುವ ಕರೆಂಟಿನ ತಂತಿ ಅವಳ ತವರಿನ ಹೊಲಗಳ ಮೇಲೇ ಹಾದುಹೋಗುತ್ತದೆ. ಊರೊಳಗೆ ಮಾತ್ರ ಇವತ್ತಿಗೂ ಹರಳೆಣ್ಣೆ ದೀಪ.

ನನಗೆ ವಾದ ಮಾಡುವುದನ್ನು ಯಾರು ಕಲಿಸಿದರು ಎಂದು ಕೇಳಿದವರಿಗೆಲ್ಲ ನಾನು ಮಂಡ್ಯದಲ್ಲಿ ನನಗೆ ಪಾಠ ಹೇಳಿದ ಮೇಷ್ಟರನ್ನು ತೋರಿಸುತ್ತಿದ್ದೆ. ಅದು ಸುಳ್ಳು. ಮೇಷ್ಟರು ಕಲಿಸಿದ್ದು ನಿಲ್ಲುವ ಭಂಗಿ, “ಅಧ್ಯಕ್ಷರೇ” ಎಂದು ಎಳೆಯುವ ಗತ್ತು, ಇಷ್ಟೇ. ಚರ್ಚಾಸ್ಪರ್ಧೆಯ ಹಿಂದಿನ ಸಂಜೆ ನಾನು ದೊಡ್ಡವ್ವನ ಜಗಲಿಯಲ್ಲಿ ನಿಂತು ಭಾಷಣ ಒಪ್ಪಿಸುತ್ತಿದ್ದೆ. ಅವಳು ಅವರೆಕಾಯಿ ಬಿಡಿಸುತ್ತ ಕೇಳುತ್ತಿದ್ದಳು. ಪಟ್ಟಣವಾಸವೇ ಹಳ್ಳಿವಾಸಕ್ಕಿಂತ ಮೇಲು ಎಂದು ಒಮ್ಮೆ ಅರ್ಧಗಂಟೆ ಗುಡುಗಿದೆ.

“ಮುಗೀತಾ? ಸಂದಾಗಿ ಏಳ್ದೆ. ಈಗ ಆ ಕಡೆಯಿಂದ ಏಳು.”

ಆ ಕಡೆಯಿಂದಲೂ ಹೇಳಿದೆ.

“ಅದೂ ಸಂದಾಗದೆ. ಎರಡ್ ಕಡೀಕೂ ಇಷ್ಟು ಸಂದಾಗಿ ಏಳ್ತೀಯಲ್ಲ, ನೀನ್ ಯಾವ್ ಕಡೆಯೋನ್ಲಾ?”

“ಗೆಲ್ಲೋ ಕಡೆಯೋನು” ಎಂದೆ. ನನ್ನ ಮಾತಿಗೆ ನಾನೇ ನಕ್ಕೆ. ಅವಳು ಇನ್ನೊಂದು ಅವರೆಕಾಯಿ ತೆಗೆದುಕೊಂಡಳು.

ಮಾತಿನ ವಿಷಯದಲ್ಲಿ ಅವಳಿಗೆ ನಗು ಬರುತ್ತಿರಲಿಲ್ಲ. ನಾಲೆಯ ನೀರನ್ನು ಗದ್ದೆಗದ್ದೆಗೆ ಸರದಿಯಂತೆ ಬಿಡುವ ನೀರುಗಂಟಿಗೆ ಅವಳು ಒಂದು ಕಡಸು ಕೊಡುತ್ತೇನೆಂದಿದ್ದಳು. ಅವನ ಮಗಳ ಕೂಸಿಗೆ ಮುಂದೆ ಹಾಲಾಗಲಿ ಎಂದು. ಕೊಡುವ ಮುಂಚೆಯೇ ಆ ಕಡಸು ಹಾವು ಕಚ್ಚಿ ಸತ್ತಿತು. ನೀರುಗಂಟಿ “ಓಗ್ಲಿ ಬುಡಿ ಅವ್ವ, ನನ್ ಅಣೇಬರ” ಎಂದ. ಇವಳು ಕೊಟ್ಟಿಗೆಯಲ್ಲಿದ್ದ ಇನ್ನೊಂದನ್ನು, ಆಗಲೇ ಗಬ್ಬವಾಗಿದ್ದದ್ದನ್ನು, ಬಿಚ್ಚಿ ಹಗ್ಗವನ್ನು ಅವನ ಕೈಗೆ ಕೊಟ್ಟಳು. ನನಗೆ ಇದು ಶುದ್ಧ ದಡ್ಡತನವಾಗಿ ಕಂಡಿತ್ತು. ಕೊಡುತ್ತೇನೆಂದ ಕಡಸೇ ಇಲ್ಲವಾದ ಮೇಲೆ ಮಾತೂ ಇಲ್ಲವಾಯಿತಲ್ಲ ಎಂದು ವಾದಿಸಿದೆ.

“ಮಾತು ಅನ್ನೋದು ಮೂಗ್ದಾರ ಕಣ್ಲಾ. ಎತ್ತನ್ನೂ ಕಟ್ಟಾಕಿರ್ತದೆ, ಇಡ್ಕಂಡಿರೋನ ಕೈನೂ ಕಟ್ಟಾಕಿರ್ತದೆ. ಎತ್ತು ಸತ್ರೆ ಕೈಯಾಗೆ ದಾರ ಇರಾಕಿಲ್ವಾ?”

ನಾನು ದೇವರನ್ನೂ ನಂಬದವನು, ಹರಕೆಯನ್ನೂ ನಂಬದವನು. ಮೂಗುದಾರವನ್ನು ನಂಬುವುದು ದೂರದ ಮಾತು.

ಇಲ್ಲಿ ನಮ್ಮೂರಿನ ಓಟಿನ ರೀತಿ ಹೇಳಬೇಕು. ಆಗ ಓಟು ಎಲ್ಲರಿಗೂ ಇರಲಿಲ್ಲ. ಇಷ್ಟು ಕಂದಾಯ ಕಟ್ಟುವವರಿಗೆ ಮಾತ್ರ ಎಂದು ಕಟ್ಟಳೆ. ಊರಿನಲ್ಲಿ ಅಂಥವರು ಸುಮಾರು ಇಪ್ಪತ್ತು ಮಂದಿ. ಈ ಇಪ್ಪತ್ತು ಮಂದಿ ಯಾವತ್ತೂ ಇಪ್ಪತ್ತು ಓಟು ಹಾಕಿದವರಲ್ಲ, ಹಾಕಿದ್ದು ಒಂದೇ ಓಟು. ಚುನಾವಣೆ ಬಂತೆಂದರೆ ಪಟೇಲರು ಎಲ್ಲರನ್ನೂ ಚಾವಡಿಗೆ ಕರೆಸುತ್ತಿದ್ದರು. ಹಿತ್ತಾಳೆ ತಟ್ಟೆಯಲ್ಲಿ ವೀಳ್ಯ ಬರುತ್ತಿತ್ತು. ಒಬ್ಬೊಬ್ಬರಿಗೂ ಎರಡು ಎಲೆ, ಒಂದು ಇಡೀ ಅಡಿಕೆ. ಎಲ್ಲರ ಕೈಗೂ ವೀಳ್ಯ ಸೇರಿದ ಮೇಲೆ ಪಟೇಲರು ಒಂದು ಹೆಸರು ಹೇಳುವರು. ವೀಳ್ಯ ಮೊದಲು, ಹೆಸರು ಆಮೇಲೆ. ಹಿಡಿದ ಮೇಲೆ ಮುಗಿಯಿತು, ಊರಿನ ಮಾತು ನಿನ್ನ ಮಾತು.

ಯಾವ ಪಕ್ಷದ ಹೆಸರೂ ನಮ್ಮೂರಿನ ಬಾಯಿಗೆ ಬರುತ್ತಿರಲಿಲ್ಲ. ಜರಿಪೇಟದ ಜಮೀನುದಾರರದು ಪೇಟದ ಕಡೆ. ಖಾದಿಯವರದು ಟೋಪಿ ಕಡೆ. ಊರು ಹಿಂದಿನಿಂದಲೂ ಪೇಟದ ಕಡೆ. ಯಾಕೆಂದು ಕೇಳಿದರೆ “ನಮ್ಮಪ್ಪನೂ ಪೇಟದ ಕಡೆಯೇ” ಎನ್ನುವರು. ಅಪ್ಪನ ಕಾಲದಲ್ಲಿ ಓಟೇ ಇರಲಿಲ್ಲವಲ್ಲ ಎಂದರೆ “ಇದ್ದಿದ್ರೆ ಪೇಟಕ್ಕೇ ಆಕ್ತಿದ್ದ” ಎನ್ನುವರು. ಈ ತರ್ಕವನ್ನು ಸೋಲಿಸಲು ನನ್ನಿಂದ ಇವತ್ತಿಗೂ ಆಗಿಲ್ಲ.

ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಬಂದ ಚುನಾವಣೆಯಲ್ಲಿ ಪಟ್ಟಿಗೆ ಹೊಸದಾಗಿ ಒಂದು ಹೆಸರು ಸೇರಿತ್ತು. ದೊಡ್ಡವ್ವನದು. ನಾಲೆಯ ನೀರು ಬಂದು ಅವಳ ಹೊಲ ಗದ್ದೆಯಾಗಿತ್ತು, ಗದ್ದೆಯಾಗಿ ಕಂದಾಯ ಏರಿತ್ತು, ಕಂದಾಯ ಏರಿದ್ದಕ್ಕೆ ಓಟು ಬಂದಿತ್ತು. ಊರಿನ ಪಟ್ಟಿಯಲ್ಲಿ ಅವಳೊಬ್ಬಳೇ ಹೆಂಗಸು.

ನಾನು ಆಗ ಮೈಸೂರಿನಲ್ಲಿ ಇಂಟರ್ ಮೀಡಿಯೆಟ್ ಓದುತ್ತಿದ್ದೆ. ಟೋಪಿ ಕಡೆಗೆ ಪ್ರಚಾರ ಮಾಡಲೆಂದು ಕಾಲೇಜಿಗೆ ಚಕ್ಕರ್ ಹೊಡೆದು ಊರಿಗೆ ಬಂದಿದ್ದೆ. ಪಟೇಲರು ವೀಳ್ಯ ಹಂಚಿದ ಬೆಳಗ್ಗೆ ಚಾವಡಿಯ ಹೊರಗೆ, ಕೈಕಟ್ಟಿ, ತುಟಿಯಲ್ಲಿ ಒಂದು ವ್ಯಂಗ್ಯದ ನಗೆ ಇಟ್ಟುಕೊಂಡು ನಿಂತಿದ್ದೆ. ದೊಡ್ಡವ್ವ ಬಂದವಳು ಕಂಬದ ಆಚೆಯೇ ನಿಂತಳು.

“ಅಲ್ಲ್ಯಾಕ್ ನಿಂತ್ಕಂಡೆ ಅತ್ಗೆಮ್ಮ, ಒಳೀಕ್ ಬಾ” ಎಂದರು ಪಟೇಲರು.

“ಇಲ್ಲೇ ಆಯ್ತದೆ ಪಟೇಲಪ್ಪ.”

“ಕಂದಾಯ ಕಟ್ಟೋವಾಗ ಒಳೀಕ್ ಬತ್ತೀಯಲ್ಲ. ಇದ್ಕೂ ಬಾ.”

ಅವಳು ಒಳಗೆ ಹೋದಳು. ಪಟೇಲರು ಎದ್ದು ನಿಂತು ಎರಡು ಎಲೆ, ಒಂದು ಅಡಿಕೆಯನ್ನು ಅವಳ ಕೈಗೆ ಕೊಟ್ಟರು. ಅವಳು ಎರಡೂ ಕೈಯೊಡ್ಡಿ ತೆಗೆದುಕೊಂಡಳು. ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಪಟೇಲರು ಹೆಸರು ಹೇಳಿದರು: ಮಳವಳ್ಳಿ ಕಡೆಯ ಒಬ್ಬ ಜೋಡಿದಾರರು. ಸರ್ಕಾರಕ್ಕೆ ಅಲ್ಪ ಕಂದಾಯ ಕಟ್ಟಿ ಒಂದು ಇಡೀ ಊರನ್ನೇ ಇನಾಮಾಗಿ ಅನುಭವಿಸುತ್ತಿದ್ದವರು. ಆ ಊರು ದೊಡ್ಡವ್ವನ ತವರು. ಅವಳ ಮುಖ ನನಗೆ ಕಾಣಲಿಲ್ಲ. ಬೆನ್ನು ಕಂಡಿತು. ಅದು ಅಲ್ಲಾಡಲಿಲ್ಲ.

ಮನೆಗೆ ಬಂದು ಅವಳು ಸೆರಗಿನ ಗಂಟು ಬಿಚ್ಚಿ ನನಗೆ ತೋರಿಸಿದಳು.

“ಇಪ್ಪತ್ತೆರಡು ವರ್ಸ ಆಯ್ತು ಕಣ್ಲಾ, ನನ್ ಕೈಗೆ ಯಾರಾದ್ರೂ ಎಲೆ ಕೊಟ್ಟು.”

ನನಗೆ ಆಗ ಅದು ತಲೆಗೆ ಹತ್ತಲಿಲ್ಲ. ದಿನಕ್ಕೆ ಹತ್ತು ಸಲ ಎಲೆ ಹಾಕುವವಳು ಇದೇನು ಹೇಳುತ್ತಿದ್ದಾಳೆ ಎಂದುಕೊಂಡೆ. ಅವಳು ತಿನ್ನುತ್ತಿದ್ದ ಎಲೆಯೆಲ್ಲ ಅವಳೇ ಸಂತೆಯಲ್ಲಿ ಕೊಂಡದ್ದು. ಮದುವೆ ಮನೆಯಲ್ಲಿ ಹೆಂಗಸರ ಸಾಲಿಗೆ ತಾಂಬೂಲ ಕೊಡುತ್ತ ಬರುವಾಗ ತಟ್ಟೆ ಅವಳನ್ನು ದಾಟಿ ಮುಂದಿನವರ ಎದುರು ನಿಲ್ಲುತ್ತಿತ್ತು. ಗಂಡ ಸತ್ತವಳ ಕೈಗೆ ಅದನ್ನು ಕೊಡುವುದಿಲ್ಲ. ಇಪ್ಪತ್ತೆರಡು ವರ್ಷ ದಾಟಿಕೊಂಡೇ ಹೋದ ತಟ್ಟೆ ಅಂದು ಅವಳ ಮುಂದೆ ನಿಂತಿತ್ತು. ಇದನ್ನು ನಾನು ಅರ್ಥ ಮಾಡಿಕೊಂಡದ್ದು ಬಹಳ ತಡವಾಗಿ. ಆ ದಿನ ನನಗೆ ಕಂಡದ್ದು ಲಂಚ. ಅದೂ ಕಡಿಮೆ ಬೆಲೆಯ ಲಂಚ.

ಆ ವೀಳ್ಯವನ್ನು ಅವಳು ತಿನ್ನಲಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಹಿತ್ತಲ ನೀರಿನ ಗುಡಾಣದ ಮಗ್ಗುಲಲ್ಲಿ ಇಟ್ಟಳು.

ಮುಂದಿನ ಎಂಟು ದಿನ ನಾನು ಅವಳನ್ನು ಬಿಡಲಿಲ್ಲ. ಅವಳು ಕಣದಲ್ಲಿದ್ದರೆ ಕಣ, ಕೊಟ್ಟಿಗೆಯಲ್ಲಿದ್ದರೆ ಕೊಟ್ಟಿಗೆ. ಹೆಸರು ಹೇಳದೆ ತೆಗೆದುಕೊಂಡ ಮಾತು ಮಾತೇ ಅಲ್ಲ ಎಂದು ಮೊದಲ ಬಾಣ ಬಿಟ್ಟೆ.

“ನನ್ ಮದುವೆಲಿ ನನ್ನ ಯಾರಾದ್ರೂ ಕೇಳಿದ್ರಾ? ತಾಳಿ ಕಟ್ಟುದ್ ಮ್ಯಾಲೇ ನಾನು ಅವ್ರ ಮಕ ನೋಡಿದ್ದು. ಅದು ಮದುವೆ ಆಗ್ನಿಲ್ವಾ?”

ಮೊದಲ ಸುತ್ತಿನಲ್ಲಿ ನಾನು ಸೋತೆ. ಎರಡನೆಯ ದಿನ ದೇಶದ ಮಾತು ತಂದೆ, ಮೂರನೆಯ ದಿನ ರೈತರ ಮಾತು. ಅವಳು ರಾಗಿ ಕೇರುತ್ತ “ಆ ಕಡೆಯಿಂದ ಏಳು” ಎಂದಳು. ನಾನು ಆ ಕಡೆಯಿಂದ ಹೇಳಲಿಲ್ಲ. ಅವಳ ಎದುರು ಒಂದೇ ಕಡೆ ಹಿಡಿದು ಮಾತಾಡಿದ್ದು ಅದೇ ಮೊದಲು.

ಕೊನೆಗೆ ಅವಳ ತಮ್ಮನನ್ನು ವಾದಕ್ಕೆ ಎಳೆದು ತಂದೆ.

ಒಂದು ಸುಗ್ಗಿಯಲ್ಲಿ, ತನ್ನ ಕೊಯ್ಲು ಬಿಟ್ಟು ಜೋಡಿದಾರರ ಮನೆಯ ತೊಲೆ ಹೊರುವ ಬಿಟ್ಟಿ ಚಾಕರಿಗೆ ಹೋಗಲಿಲ್ಲವೆಂದು, ಅವಳ ತಮ್ಮನನ್ನು ಬಿಸಿಲಿನಲ್ಲಿ ಬಗ್ಗಿಸಿ ಬೆನ್ನ ಮೇಲೆ ಕಲ್ಲು ಹೇರಿ ನಿಲ್ಲಿಸಿದ್ದರು. ಆಮೇಲೆ ಅವನು ನೆಟ್ಟಗೆ ನಿಂತದ್ದನ್ನು ಯಾರೂ ನೋಡಲಿಲ್ಲ. ನಮ್ಮ ಮನೆಗೆ ಬಂದಾಗ ಅವನು ಬಾಗಿಲಿಗೆ ತಲೆ ಬಗ್ಗಿಸಬೇಕಾಗಿರಲಿಲ್ಲ. ಯಾವಾಗಲೂ ಬಗ್ಗಿಯೇ ಇರುತ್ತಿದ್ದ.

“ಪಟೇಲ್ರ ಎರಡು ಎಲೆ ಭಾರವೋ, ನಿನ್ ತಮ್ಮನ್ ಬೆನ್ನ ಮೇಲಿನ ಕಲ್ಲು ಭಾರವೋ, ನೀನೇ ಹೇಳು ದೊಡ್ಡವ್ವ” ಎಂದೆ.

ಅವಳ ಕೈಯಲ್ಲಿದ್ದ ಮೊರ ನಿಂತಿತು. ವಾದ ಗೆದ್ದಾಗ ಸಭೆಯಲ್ಲಿ ಒಂದು ಮೌನ ಹುಟ್ಟುತ್ತದೆ. ಅನುಭವವಿದ್ದವರಿಗೆ ಅದರ ರುಚಿ ಗೊತ್ತು. ಆ ರುಚಿ ನನ್ನ ಬಾಯಿಗೆ ಬಂತು. ಕೈಮೀರಿ ಹೋಗದಂತೆ ಒಂದು ಮೊಳೆಯನ್ನೂ ಹೊಡೆದೆ: “ನೀನು ಹೆಸರು ಹೇಳೋದು ಒಳಗೆ ಕೂತ ಅಧಿಕಾರಿ ಕಿವೀಲಿ. ಅವರು ಚೀಟಿ ಮೇಲೆ ಗುರುತು ಹಾಕಿ ಪೆಟ್ಟಿಗೆಗೆ ಹಾಕ್ತಾರೆ. ಹೊರಗಿನ ಒಂದು ನರಪಿಳ್ಳೆಗೂ ಗೊತ್ತಾಗಲ್ಲ.”

“ಎಲೆ ಮನೇಲೇ ಅದೆಯಲ್ಲಪ್ಪಾ” ಎಂದಳು ಅವಳು. ಮೆಲ್ಲಗೆ, ನನಗೆ ಹೇಳಿದಂತಿರಲಿಲ್ಲ. ನಾನು ಗೆಲುವಿನಲ್ಲಿದ್ದೆ, ಆ ಮಾತನ್ನು ತೂಗಿ ನೋಡಲಿಲ್ಲ.

ಓಟಿನ ದಿನ ಪಟೇಲರ ಗಾಡಿಗಳು ಮದ್ದೂರಿಗೆ ಹೊರಟವು. ದೊಡ್ಡವ್ವ ಗಾಡಿ ಹತ್ತಲಿಲ್ಲ. ಕಾಲುನಡಿಗೆಯಲ್ಲೇ ಬರುತ್ತೇನೆಂದು ಹೇಳಿ ನಾಲೆಯ ಏರಿ ಹಿಡಿದು ನಡೆದಳು. ನಾನು ಜೊತೆಗೆ. ದಾರಿಯುದ್ದಕ್ಕೂ ಸೊಂಟದಲ್ಲಿ ಏನನ್ನೋ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಎಲೆಚೀಲವಿರಬೇಕು ಎಂದುಕೊಂಡೆ. ಓಟು ನಡೆಯುತ್ತಿದ್ದ ಕಟ್ಟಡದ ಮುಂದೆ ಗಂಡಸರ ಸಾಲು ಅವಳನ್ನು ಕಂಡು ಸರಿದು ದಾರಿ ಬಿಟ್ಟಿತು. ಒಳಗೆ ಹೋದಳು. ಒಂದು ಬೀಡಿ ಸೇದುವಷ್ಟು ಹೊತ್ತೂ ಆಗಲಿಲ್ಲ, ಹೊರಗೆ ಬಂದಳು.

“ಯೋಳ್ದೆ ಕಣ್ಲಾ” ಎಂದಳು. “ನನ್ ತಮ್ಮನ್ ಬೆನ್ನಿಗೆ ಯೋಳ್ದಂಗಾಯ್ತು.”

ವಾಪಸು ಬರುವಾಗ ನಾನು ಸಿಳ್ಳೆ ಹಾಕುತ್ತಿದ್ದೆ. ಊರು ಬಂತು. ಅವಳು ನಮ್ಮ ಬೀದಿಗೆ ತಿರುಗಲಿಲ್ಲ. ನೇರ ಪಟೇಲರ ಮನೆಯ ಕಡೆ ನಡೆದಳು. ಆಗ ನನಗೆ ಹೊಳೆಯಿತು.

“ದೊಡ್ಡವ್ವ, ಎಲ್ಲಿಗೆ? ಯಾರೂ ಕೇಳಿಲ್ಲ. ಯಾರಿಗೂ ಗೊತ್ತಿಲ್ಲ.”

“ಅದು ಅವ್ರ ಎಲೆ. ಮಾತು ನಡೀನಿಲ್ಲ. ಇಟ್ಕಳಾಕೆ ನಂಗೇನ್ ಅಕ್ಕು?”

“ಎಸೆದುಬಿಡು. ನಾಲೆಗೆ ಹಾಕು.”

“ವೀಳ್ಯ ಎಸೀತಾರಾ?” ಎಂದು ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ. ನಾನು ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದೇನೆಯೇ ಎಂದು ನೋಡಿದಂತಿತ್ತು.

ಪಟೇಲರ ಜಗಲಿಯಲ್ಲಿ ಗಾಡಿಯಲ್ಲಿ ಹೋಗಿ ಬಂದವರೆಲ್ಲ ಕುಳಿತಿದ್ದರು. ನನ್ನ ತಂದೆಯೂ ಇದ್ದರು. ಮಜ್ಜಿಗೆ ನಡೆಯುತ್ತಿತ್ತು. ದೊಡ್ಡವ್ವ ಒದ್ದೆ ಬಟ್ಟೆ ಬಿಚ್ಚಿ, ಎರಡು ಎಲೆ, ಅದರ ಮೇಲೆ ಅಡಿಕೆ ಜೋಡಿಸಿ ಜಗಲಿಯ ಅಂಚಿಗಿಟ್ಟಳು. ಎಲೆಯ ಅಂಚು ಹಳದಿಯಾಗಿತ್ತು.

“ನಿನ್ ವೀಳ್ಯ ಪಟೇಲಪ್ಪ. ನನ್ ಕೈಲಿ ಆಗ್ನಿಲ್ಲ. ಇಸ್ಕೋ.”

ಮಜ್ಜಿಗೆಯ ಲೋಟಗಳು ಅಲ್ಲಲ್ಲೇ ನಿಂತವು. ಪಟೇಲರು ತಮ್ಮ ಲೋಟವನ್ನು ಕೆಳಗಿಟ್ಟರು.

“ನೀನ್ ಯೋಳ್ದೆ ಇದ್ದಿದ್ರೆ ನಂಗೆ ಗೊತ್ತಾಗ್ತಿರ್ನಿಲ್ಲ ಅತ್ಗೆಮ್ಮ.”

“ಅದ್ಕೇ ಬಂದೆ.”

ಕುಳಿತವರಲ್ಲಿ ಒಬ್ಬ ನಕ್ಕ. “ಎಂಗ್ಸಿಗೆ ಎಲೆ ಕೊಟ್ರೆ ಇನ್ನೇನಾದದು? ತಟ್ಟೆಗೇ ಸೂತಕ” ಎಂದ. ಪಟೇಲರು ಅವನ ಕಡೆ ತಿರುಗಲಿಲ್ಲ. “ಇದು ನಿನ್ ಬುದ್ಧಿ ಅಲ್ಲ. ಯಾರ್ ಏಳ್ಕೊಟ್ರು?” ಎಂದು ಅವಳನ್ನು ಕೇಳಿದರು. ಕೇಳಿದ್ದು ಅವಳನ್ನು, ನೋಡಿದ್ದು ನನ್ನನ್ನು.

ನಾನು ಚರ್ಚಾಸ್ಪರ್ಧೆಯಲ್ಲಿ ಮೂರು ಸಲ ಬೆಳ್ಳಿ ಲೋಟ ಗೆದ್ದವನು. ಎದುರಾಳಿ ಬಾಯಿ ತೆರೆಯುವ ಮುಂಚೆ ಉತ್ತರ ಸಿದ್ಧವಾಗಿರುತ್ತಿದ್ದವನು. ಅಂದು ನನ್ನ ತಂದೆ ಅಲ್ಲಿ ಕುಳಿತಿದ್ದರು, ಊರು ಕುಳಿತಿತ್ತು. ಜಗಲಿಯ ಕೆಳಗೆ ಒಂದು ಇರುವೆಯ ಸಾಲು ಹೋಗುತ್ತಿತ್ತು. ಅದನ್ನು ನೋಡುತ್ತ ನಿಂತೆ.

“ನನ್ ತಲೆ, ನನ್ ನಾಲ್ಗೆ” ಎಂದಳು ದೊಡ್ಡವ್ವ. “ಬ್ಯಾರೆ ಯಾರಿಲ್ಲ.”

ಮನೆಗೆ ಹೋಗಿ ಅವಳು ಅಡಕತ್ತರಿ ತೆಗೆದುಕೊಂಡು ಹೆಬ್ಬೆರಳಿನ ಉಗುರನ್ನು ಕತ್ತರಿಸಿ ಹಾಕಿದಳು. ಆಮೇಲೆ ಎಂದೂ ಎಲೆ ಹಾಕಲಿಲ್ಲ. ಯಾಕೆಂದು ಕೇಳಿದರೆ “ರುಚಿ ಓಯ್ತು ಕಣ್ಲಾ” ಎಂದಷ್ಟೇ.

ಯಾರೂ ಡಂಗುರ ಹೊಡೆಯಲಿಲ್ಲ. ಬಹಿಷ್ಕಾರ ಎಂಬ ಮಾತೇ ಹುಟ್ಟಲಿಲ್ಲ. ಊರಿನ ವೀಳ್ಯವನ್ನು ಎಲ್ಲರ ಮುಂದೆ ತಿರುಗಿಸಿದವಳು ಊರಿನವಳಲ್ಲ, ಇದು ಯಾರೂ ಹೇಳಬೇಕಾಗಿಲ್ಲದ ಮಾತು. ನಾಟಿಯ ಕಾಲ ಬಂದಾಗ ಮುಯ್ಯಾಳುಗಳು ಬರಲಿಲ್ಲ. ಇವಳು ಯಾರ ಯಾರ ಗದ್ದೆಯಲ್ಲಿ ಪೈರು ನೆಟ್ಟು ಬಂದಿದ್ದಳೋ ಅವರ ಮನೆಯ ಹೆಂಗಸರಿಗೆಲ್ಲ ಅದೇ ವಾರ ಸೊಂಟ ಹಿಡಿದುಕೊಂಡಿತು. ಅಗಸನಿಗೆ ಬಿಡುವಿರಲಿಲ್ಲ. ನೀರು ಮೇಲಿನ ಗದ್ದೆಗೆ ಬಂತು, ಕೆಳಗಿನ ಗದ್ದೆಗೆ ಬಂತು. ನಡುವೆ ಇವಳ ತೂಬು ಮುಚ್ಚಿಯೇ ಇತ್ತು. ಕೇಳಿದರೆ ನೀರುಗಂಟಿ, ಅವಳ ಕಡಸನ್ನು ಹಿಡಿದುಕೊಂಡು ಹೋದ ಅದೇ ನೀರುಗಂಟಿ, ಗುದ್ದಲಿಯ ಕಾವಿನ ಕಡೆ ನೋಡುತ್ತ “ಸರದಿ ಮುಗೀತು ಅವ್ವ” ಎಂದನಂತೆ.

ಆ ಚುನಾವಣೆಯಲ್ಲಿ ಟೋಪಿ ಕಡೆಯವರು ಗೆದ್ದರು. ಭಾರೀ ಅಂತರದಿಂದ ಗೆದ್ದರು. ದೊಡ್ಡವ್ವನ ಒಂದು ಓಟಿಲ್ಲದಿದ್ದರೂ ಗೆಲ್ಲುತ್ತಿದ್ದರು. ಗೆದ್ದವರು ನಮ್ಮೂರ ದಾರಿ ತುಳಿಯಲಿಲ್ಲ. ತೂಬು ಮುಚ್ಚಿದ ಸುದ್ದಿ ನನಗೆ ತಿಳಿದ ದಿನ ಮೈಸೂರಿನ ಕೋಣೆಯಲ್ಲಿ ಕುಳಿತು ಮೇಲಿನವರಿಗೆ ಒಂದು ಅರ್ಜಿ ಬರೆದೆ. ಎಂಟು ಪುಟ. ನೀರಿನ ಹಕ್ಕು, ಓಟಿನ ಗುಟ್ಟು, ನ್ಯಾಯ. ಒಂದು ವಾಕ್ಯದಲ್ಲೂ ತಪ್ಪು ಹುಡುಕಲಾಗದ ಅರ್ಜಿ. ರಜೆಯಲ್ಲಿ ಅದರ ನಕಲನ್ನು ಅವಳಿಗೆ ಓದಿ ಹೇಳಿದೆ.

“ಸಂದಾಗಿ ಬರ್ದಿದ್ದೀಯ” ಎಂದಳು. “ಅರ್ಜಿಲಿ ಗೆದ್ರೆ ನೀರು ಬತ್ತದೆ. ನಾಟಿ ಮಾಡೋ ಎಂಗುಸ್ರು ಬತ್ತಾರಾ?”

“ಬರಬೇಕಾಗುತ್ತೆ.”

“ಬರ್ಬೇಕಾಗಿ ಬಂದೋರು ನೆಟ್ಟ ಪೈರು ಏಳಾಕಿಲ್ಲ ಮಗ.”

ಅರ್ಜಿಗೆ ಉತ್ತರವೇ ಬರಲಿಲ್ಲ. ಎರಡು ವರ್ಷ ಗದ್ದೆ ಬಿರುಕು ಬಿಟ್ಟು ಬಿದ್ದಿತ್ತು. ಸುತ್ತಲೂ ಹಸಿರು, ನಡುವೆ ಅವಳದು ಒಂದು ಬೂದಿಯ ಚೌಕ. ಮೂರನೆಯ ವರ್ಷ ಅವಳು ನಮ್ಮ ಮನೆಗೆ ಬಂದು, ನನ್ನ ತಂದೆಯ ಎದುರು ಕುಳಿತು, ತೂಬಿನ ಪಕ್ಕದ ಎರಡು ಎಕರೆಯನ್ನು ಅವರ ಹೆಸರಿಗೆ ಬರೆಸಿಕೊಳ್ಳಲು ಹೇಳಿದಳು. ತೂಬು ತಂದೆಯ ಹೆಸರಿಗೆ ಬಂದರೆ ನೀರುಗಂಟಿ ಮುಚ್ಚುವುದಿಲ್ಲ, ಅವರ ಗದ್ದೆ ತುಂಬಿ ಹರಿದ ನೀರು ತನ್ನ ಗದ್ದೆಗೆ ಬೀಳುತ್ತದೆ. ತಂದೆ ಬೇಡವೆಂದರು, ಆಮೇಲೆ ಬರೆಸಿಕೊಂಡರು. ಅವರನ್ನು ಕೆಟ್ಟವರೆಂದು ನಾನು ಹೇಳಲಾರೆ. ಅವಳಿಗೆ ಒಂದು ದಾರಿಯಾಯಿತು ಎಂದೇ ಅವರು ನಂಬಿದ್ದರು. ಆ ಎರಡು ಎಕರೆಯ ಭತ್ತವನ್ನು ನಾನೂ ಉಂಡಿದ್ದೇನೆ. ಕಾಲೇಜು ಮುಗಿಸಿದ್ದು ಅದನ್ನು ಉಂಡೇ.

ಖಾತೆ ಅರ್ಧವಾಯಿತು, ಕಂದಾಯ ಅರ್ಧವಾಯಿತು, ಪಟ್ಟಿಯಿಂದ ಅವಳ ಹೆಸರು ಬಿದ್ದುಹೋಯಿತು. ಮುಂದಿನ ಚುನಾವಣೆ ಬರುವಷ್ಟರಲ್ಲಿ ಗಾಳಿ ತಿರುಗಿತ್ತು. ಪಟೇಲರು ಖಾದಿ ತೊಟ್ಟರು. ಚಾವಡಿಯಲ್ಲಿ ಅದೇ ಹಿತ್ತಾಳೆ ತಟ್ಟೆ ಬಂತು, ಅದೇ ಎರಡು ಎಲೆ, ಒಂದು ಅಡಿಕೆ. ಈ ಸಲ ಹೇಳಿದ ಹೆಸರು ಟೋಪಿ ಕಡೆಯದು. ಊರಿಗೆ ಊರೇ ಒಂದು ಬೆಳಗಿನಲ್ಲಿ ಟೋಪಿ ಕಡೆಯಾಯಿತು. ಯಾಕೆಂದು ಕೇಳಿದೆ. “ನಾವು ಮೊದ್ಲಿಂದ್ಲೂ ಟೋಪಿ ಕಡೆಯೇ” ಎಂದರು. ಊರಿನಲ್ಲಿ ಆ ಕಡೆಗೆ ಮೊದಲು ಓಟು ಹಾಕಿದವಳು ಮಾತ್ರ ಅಂದು ತನ್ನ ಜಗಲಿಯಲ್ಲಿ ಕುಳಿತು ಹುರುಳಿ ಆರಿಸುತ್ತಿದ್ದಳು.

ನಾನು ಹೋಗಿ ಪಕ್ಕದಲ್ಲಿ ಕುಳಿತೆ. ಕ್ಷಮಿಸು ಎನ್ನಬೇಕೆಂದು ಹೋಗಿದ್ದೆ. ಬಾಯಿಗೆ ಬಂದದ್ದು ಊರಿನ ಮೇಲಿನ ಬೈಗುಳ. ಗೋಸುಂಬೆಗಳು, ಕುರಿಗಳು, ಎಂದೆಲ್ಲ ಅಂದೆ. ಅವಳು ಕೇಳಿಸಿಕೊಂಡಳು.

“ಈಗ ಆ ಕಡೆಯಿಂದ ಏಳು” ಎಂದಳು.

ನಾನು ಇನ್ನೂ ಬೈಯುತ್ತಲೇ ಇದ್ದೆ. ಅವಳೇ ಹೇಳಿದಳು: “ಒಬ್ಬೊಬ್ರೇ ನಿಂತ್ರೆ ಏನಾಯ್ತದೆ ಅಂತ ನನ್ ಗದ್ದೆ ನೋಡವ್ರೆ ಅಲ್ವಾ ಮಗ.”

ಸ್ವಾತಂತ್ರ್ಯ ಬಂದ ವರ್ಷ ಅವಳು ಹೋದಳು. ಮಳೆಗಾಲದ ಕೊನೆ. ನಾನು ಮದ್ದೂರಿನಲ್ಲಿ ಒಂದು ಸಭೆಯಲ್ಲಿ ಮಾತಾಡುತ್ತಿದ್ದೆ. ಇನ್ನು ಕಂದಾಯ ಕಟ್ಟುವವನಿಗೆ ಮಾತ್ರವಲ್ಲ, ಎಲ್ಲರಿಗೂ ಓಟು ಬರಲೇಬೇಕು, ಯಾರಿಗೂ ಹೆದರದೆ ಹಾಕುವ ಓಟು, ಎಂದು ಹೇಳಿ ಚಪ್ಪಾಳೆಗೆ ನಿಂತಿದ್ದೆ. ಊರಿನಿಂದ ಸೈಕಲ್ಲಿನಲ್ಲಿ ಬಂದವನು ವೇದಿಕೆಯ ಕೆಳಗಿನಿಂದ ಕೈ ಮಾಡಿದ. ಅವನ ಮುಖ ನೋಡಿದ ಕೂಡಲೇ ತಿಳಿಯಿತು. ಮೂರು ದಿನದಿಂದ ಜ್ವರವಿತ್ತಂತೆ. ಗೋಡೆಯ ಈಚೆ ಮಲಗಿದ್ದ ನಮಗೆ ಅವಳು ಒಂದು ಸಲವೂ ಕೂಗಿ ಹೇಳಿರಲಿಲ್ಲ.

ನಾನು ಹೋಗುವಷ್ಟರಲ್ಲಿ ಅಂಗಳ ತುಂಬಿತ್ತು. ಎಲ್ಲರೂ ಬಂದಿದ್ದರು. ಅಗಸ, ನೀರುಗಂಟಿ, ಸೊಂಟ ಹಿಡಿದುಕೊಂಡ ಹೆಂಗಸರೆಲ್ಲರೂ. ಸತ್ತವರ ಮೇಲೆ ಊರಿಗೆ ಕೋಪವಿರುವುದಿಲ್ಲ. ಸತ್ತವರಿಗೆ ನೀರು ಬೇಕಿಲ್ಲವಲ್ಲ. ಮೈ ತೊಳೆದು ಮಲಗಿಸಿದ್ದರು. ಬಲಗೈ ಎದೆಯ ಮೇಲಿತ್ತು. ಹತ್ತೂ ಉಗುರು ಒಂದೇ ಸಮ.

ನಮ್ಮಲ್ಲಿ ಹೆಣ ಎತ್ತುವ ಮುಂಚೆ ಹತ್ತಿರದವರು ಎಲೆ ಅಡಿಕೆ ಕುಟ್ಟಿ ಸತ್ತವರ ಬಾಯಿಗಿಡುತ್ತಾರೆ. ಅವಳಿಗೆ ಹತ್ತಿರದವನೆಂದು ನನ್ನನ್ನು ಮುಂದೆ ತಳ್ಳಿದರು. ಆಗ ಪಟೇಲರು ಬಂದರು. ತಲೆಯ ಮೇಲೆ ಬಿಳಿ ಟೋಪಿ, ಅದನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಸೊಂಟದ ಗಂಟಿನಿಂದ ಒಂದು ಅಡಿಕೆ ತೆಗೆದು ನನ್ನ ಅಂಗೈಗಿಟ್ಟರು. ಹಳೆಯದು. ಕಪ್ಪಾಗಿ ಕಲ್ಲಿನಂತಾಗಿತ್ತು.

“ಅತ್ಗೆಮ್ಮ ಅವತ್ತು ಮಡಗಿ ಓದದ್ದು” ಎಂದರು. “ಎಲೆ ಒಣಗಿ ಓಯ್ತು. ಇದ ಇನ್ನೊಬ್ರಿಗೆ ಕೊಡಾಕೂ ಆಗ್ನಿಲ್ಲ, ನಾನ್ ತಿನ್ನಾಕೂ ಆಗ್ನಿಲ್ಲ. ಇದ್ನೇ ಕುಟ್ಟಿ ಇಡು.”

ಆರು ವರ್ಷ ತಡವಾಗಿ, ಪಟೇಲರಿಗೆ ಮಾತ್ರ ಕೇಳುವಂತೆ ಹೇಳಿದೆ: “ಅವತ್ತು ಹೇಳಿಕೊಟ್ಟವನು ನಾನು.”

“ಗೊತ್ತಿತ್ತು ಕಣಪ್ಪ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ನಾನೇ ಅಂತ ನೀನೊಂದ್ ಮಾತು ಅಂದಿದ್ರೆ, ಓದೋ ಉಡ್ಗ ತಲೆ ಕೆಡಿಸ್ದ, ಎಂಗ್ಸು ಏನ್ ಮಾಡಾಳು ಅಂತ ನಿನ್ ಕಿವಿ ಇಂಡಿ ಅಲ್ಲೇ ಮುಗಿಸ್ಬುಡ್ತಿದ್ದೆ. ಊರೂ ಒಪ್ಕತಿತ್ತು. ನಿನ್ ಮಕಾನೇ ನೋಡ್ತಾ ಇದ್ದೆ. ನೀನು ನೆಲ ನೋಡ್ತಿದ್ದೆ.”

ಈ ಮಾತಿಗೆ ಉತ್ತರವಿದೆ. ತೂಬು ಮುಚ್ಚಿಸಿದ್ದು ನಾನಲ್ಲ, ಅವರು. ಆ ಎರಡು ವರ್ಷದಲ್ಲಿ ಯಾವ ದಿನ ಬೇಕಾದರೂ ತೆರೆಸಬಹುದಿತ್ತು. ತಮ್ಮ ತಪ್ಪನ್ನು ಒಬ್ಬ ಹದಿನೆಂಟರ ಹುಡುಗನ ತಲೆಗೆ ಕಟ್ಟುವುದು ಎಲ್ಲಿಯ ನ್ಯಾಯ? ಎರಡು ನಿಮಿಷದಲ್ಲಿ ಅವರ ಮಾತನ್ನು ಸೀಳಿ ಹಾಕಬಲ್ಲೆ. ಆದರೆ ಆ ಕಡೆಯಿಂದ ಹೇಳು ಎನ್ನುವವಳು ನಮ್ಮಿಬ್ಬರ ನಡುವೆ ಮಲಗಿದ್ದಳು. ಆ ಕಡೆಯಿಂದ ಹೇಳಿ ನೋಡಿಕೊಂಡೆ, ಮನಸ್ಸಿನಲ್ಲೇ. ಪಟೇಲರು ಹೇಳಿದ್ದು ನಿಜ.

ಆ ಅಡಿಕೆಯನ್ನು ನಾನು ಕುಟ್ಟಲಿಲ್ಲ. ಅವಳು ತನ್ನ ಕಾಲಿನಲ್ಲಿ ನಡೆದು ಹೋಗಿ ತಿರುಗಿಸಿ ಬಂದದ್ದು ಅದು. ಬೇಡ ಎನ್ನಲಾರದ ಬಾಯಿಗೆ ಅದನ್ನು ಹೇಗೆ ಇಡಲಿ? ನಮ್ಮ ಮನೆಯಿಂದ ಬೇರೆ ಅಡಿಕೆ ತರಿಸಿದೆ. ಎಲೆಯನ್ನು ತೊಡೆಯ ಮೇಲೆ ಮಗುಚಿಟ್ಟು, ತೊಟ್ಟು ಮುರಿದು, ಹೆಬ್ಬೆರಳಿನ ಉಗುರು ತೂರಿಸಿ ನಾರು ಎಳೆದೆ. ಎಲೆ ಹರಿಯಿತು. ಇನ್ನೊಂದು ತೆಗೆದುಕೊಂಡೆ, ಅದೂ ಹರಿಯಿತು. ಹೆಂಗಸರಲ್ಲಿ ಯಾರೋ ಕೊಡಿ ಎಂದು ಕೈ ಚಾಚಿದರು. ಕೊಡಲಿಲ್ಲ. ಹರಿದ ಎಲೆಯನ್ನೇ ಕುಟ್ಟಿ ಅವಳ ತುಟಿಯ ನಡುವೆ ಇಟ್ಟೆ.

ಪಟೇಲರ ಅಡಿಕೆ ನನ್ನ ಬಳಿಯೇ ಇದೆ, ಮೇಜಿನ ಮೇಲೆ, ಇದನ್ನು ಬರೆಯುತ್ತಿರುವ ಕಾಗದದ ಪಕ್ಕದಲ್ಲಿ. ಮಾತು ತಪ್ಪಿದವಳಿಗೆ ಯಾರ ಜಗಲಿಗೆ ಹೋಗಿ ತಿರುಗಿಸಬೇಕೆಂದು ಗೊತ್ತಿತ್ತು. ಮಾತೇ ಆಡದೆ ನಿಂತವನು ಇದನ್ನು ಯಾರ ಜಗಲಿಯ ಮೇಲೆ ಇಟ್ಟು ಬರಬೇಕು? ಅವಳ ಜಗಲಿಯಲ್ಲಿ ಈಗ ನಮ್ಮ ಮನೆಯ ಭತ್ತದ ಮೂಟೆಗಳಿವೆ.